ಬರಿಹೊಟ್ಟೆಯ ಎರಡು ಔಷಧಿ

ಆ ಗಂಡ ಹೆಂಡತಿ ಮೊದಲ ಸಲ ನನ್ನ ಎದುರಿಗೆ ಬಂದು ಕುಳಿತಾಗ ಗಂಡನ ಹುಬ್ಬಿನ ಮೇಲೆ ಹಿಟ್ಟು ಕೂತಿತ್ತು. ಶಿರಗುಪ್ಪಿಯಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಮುಂಜಾನೆಯ ಬೀಸುವ ಕೆಲಸ ಮುಗಿಸಿ ನೇರ ಬಸ್ಸು ಹತ್ತಿ ಬಂದಿದ್ದರು. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಇರುವವರಿಗೆ ತಿಂಗಳ ಗುಳಿಗೆ ಕೊಟ್ಟು ನೋಡಿಕೊಳ್ಳುವ ಕಡೆ, ನಾನು ಆಪ್ತಸಮಾಲೋಚಕಿ. ನನ್ನ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಸರಿಯಾಗಿ ಮುಚ್ಚಿಕೊಳ್ಳದ ಒಂದು ಬಾಗಿಲು. ಒಂದು ರಟ್ಟಿನ ತುಂಡು ಮಡಚಿ ಬಾಗಿಲ ಸಂದಿಗೆ ಸಿಗಿಸುತ್ತೇನೆ. ಅದನ್ನು ಸಿಗಿಸುವ ತನಕ ಯಾರೂ ಮಾತು ಶುರು ಮಾಡುವುದಿಲ್ಲ.

ಅವತ್ತೂ ಸಿಗಿಸಿ ಬಂದು ಕುಳಿತ ಮೇಲೆಯೇ ಆಕೆ ಕೇಳಿದ್ದು.

"ಅಕ್ಕಾರ, ನಮಗೊಂದು ಕೂಸು ಬೇಕಾಗೇತ್ರಿ. ಆಗತೈತೇನ್ರಿ?"

ವೈರಸ್ ಇದ್ದದ್ದು ಆಕೆಗೆ, ಗಂಡನಿಗಿಲ್ಲ. ಆಕೆಯ ಮೊದಲ ಗಂಡ ಸತ್ತಾಗಲೇ ಆಕೆಗೆ ತನ್ನ ವಿಷಯ ಗೊತ್ತಾಗಿತ್ತು. ಈತ ಎಲ್ಲ ಕೇಳಿ ತಿಳಿದುಕೊಂಡೇ ಮದುವೆಯಾಗಿದ್ದ. ಮನೆಯಲ್ಲಿ ಇರುವವರು ಮೂವರು: ಇವರಿಬ್ಬರು ಮತ್ತು ಆತನ ತಾಯಿ. ತಾಯಿಗೆ ಗೊತ್ತಿರಲಿಲ್ಲ. ಅತ್ತೆಯ ಕಣ್ಣಿಗೆ ಬಿದ್ದೀತೆಂದು ಮದುವೆಯ ಮೇಲೆ ಆಕೆ ಗುಳಿಗೆಯನ್ನು ತಪ್ಪಿ ತಪ್ಪಿ ತಗೊಂಡದ್ದರಿಂದ, ಹಿಂದಿನ ಕೇಂದ್ರದಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ವೈರಸ್ ಹೆಚ್ಚು ಬಂದಿತ್ತು. ಆಕೆಗೆ ಮೂವತ್ತೈದು ತುಂಬುತ್ತಿತ್ತು.

ಆಗುತ್ತದೆ ಎಂದೆ. ಹೇಗೆ ಎಂದು ನಿಧಾನಕ್ಕೆ ಹೇಳಿದೆ. ಗುಳಿಗೆ ಒಂದು ದಿನವೂ ತಪ್ಪಬಾರದು. ಆರು ತಿಂಗಳಾದ ಮೇಲೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುತ್ತೇವೆ. ಪರೀಕ್ಷೆಗೆ ಸಿಗದಷ್ಟು ಇಳಿದು, ಹಾಗೆಯೇ ಉಳಿದರೆ ಹಾಸಿಗೆಯಲ್ಲಿ ಗಂಡನಿಗೆ ಅದು ದಾಟುವುದಿಲ್ಲ. ಹುಟ್ಟುವ ಕೂಸಿಗೆ ದಾಟುವ ಸಂಭವವೂ ಬಹಳ ಕಡಿಮೆಯಾಗುತ್ತದೆ. ಅಲ್ಲಿಯ ತನಕ ನಿರೋಧ ಬಿಡುವಂತಿಲ್ಲ.

"ಡಬ್ಬಿ ಮನ್ಯಾಗ ಎಲ್ಲಿಡ್ಲಿ ಅಂತ ತಿಳೀವಲ್ದ್ರಿ. ಅತ್ತಿ ಕೇಳಿದ್ರ ಏನನ್ಲಿ?" ಎಂದಳು.

"ಮಕ್ಕಳಾಗಲಿಕ್ಕೆ ಡಾಕ್ಟರು ಕೊಟ್ಟಾರ ಅನ್ರಿ. ಪೂರಾ ಸುಳ್ಳೇನಲ್ಲ ಅದು."

ಮೂವರೂ ನಕ್ಕೆವು. ಆ ಮಾತು ಹೇಳಿಕೊಟ್ಟವಳು ನಾನು. ಇದನ್ನು ಇಲ್ಲಿಯೇ ಬರೆದಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರಿಂದಲೇ ಹೊರಟಿತು.

ಇನ್ನೊಂದನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇರೊಬ್ಬ ಹೆಣ್ಣುಮಗಳು ಇದೇ ಪ್ರಶ್ನೆ ಕೇಳಿದ್ದಳು. "ಇದ್ದ ಜೀವಾ ಮೊದಲು ನೋಡ್ಕೋರಿ, ಮಕ್ಕಳ ಮಾತು ಬಿಡ್ರಿ" ಎಂದಿದ್ದೆ. ಆಕೆ ತಲೆಯಾಡಿಸಿ, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು, ಮತ್ತೆ ಬರಲಿಲ್ಲ. ವಿಳಾಸ ಹಿಡಿದು ಹುಡುಕಿ ಹೋದ ನಮ್ಮವರಿಗೆ ಬೀಗ ಹಾಕಿದ ಮನೆ ಸಿಕ್ಕಿತು. ಹಾಗೆ ಹೇಳುವುದೇ ಸರಿ ಎಂದು ಆಗ ತಿಳಿದಿದ್ದೆ. ಆಮೇಲೆ ಔಷಧಿಗಳು ಬದಲಾದವು, ನನ್ನ ತಿಳಿವಳಿಕೆಯೂ ಬದಲಾಯಿತು. ಆ ಬೀಗ ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ಹಾಗಾಗಿ ಗಿರಣಿಯವರ ವಿಷಯದಲ್ಲಿ ನಾನು ಎಚ್ಚರದಿಂದ ಇರಬೇಕು ಎಂದುಕೊಂಡಿದ್ದೆ.

ಆರು ತಿಂಗಳು ಆಕೆ ತಪ್ಪದೆ ಬಂದಳು. ಪ್ರತಿ ಸಲ ಡಬ್ಬಿ ತರಿಸಿ ಉಳಿದ ಗುಳಿಗೆ ಎಣಿಸುವುದು ನಮ್ಮ ಪದ್ಧತಿ. ಒಮ್ಮೆಯೂ ಹೆಚ್ಚು ಉಳಿಯಲಿಲ್ಲ, ಕಡಿಮೆಯೂ ಆಗಲಿಲ್ಲ. ತೂಕ ಏರಿತ್ತು. ಈ ಗುಳಿಗೆಯ ಜೊತೆ ಕಬ್ಬಿಣದ ಗುಳಿಗೆ, ಸುಣ್ಣದ ಅಂದರೆ ಕ್ಯಾಲ್ಸಿಯಂ ಗುಳಿಗೆ ಒಟ್ಟಿಗೆ ತಗೊಳ್ಳಬಾರದೆಂದು ತರಬೇತಿಯಲ್ಲಿ ಹೇಳಿದ್ದರು. ಅದನ್ನೂ ಕೇಳಿದ್ದೆ. "ಇಲ್ರಿ, ನಿಮ್ಮ ಗುಳಗಿ ಒಂದ" ಎಂದಿದ್ದಳು. ಅದು ನಿಜವೇ ಆಗಿತ್ತು.

ರಕ್ತದ ವರದಿ ಬಂತು. ವೈರಸ್ ಇಳಿದಿರಲಿಲ್ಲ. ಔಷಧಿ ನಾಟುತ್ತಿಲ್ಲ ಎನ್ನಲು ನಾವು ಹಿಡಿಯುವ ಸಾವಿರದ ಗೆರೆಗಿಂತ ಬಹಳ ಮೇಲಿತ್ತು.

ನಮ್ಮ ವೈದ್ಯಾಧಿಕಾರಿ ವರದಿಯನ್ನೂ ನನ್ನ ಎಣಿಕೆಯ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಮೇಡಂ, ಎರಡರಾಗ ಒಂದು ಸುಳ್ಳು ಹೇಳಾಕತ್ತದ. ರಕ್ತಕ್ಕ ಸುಳ್ಳು ಹೇಳಲಿಕ್ಕೆ ಬರೂದಿಲ್ಲ."

"ಎಣಿಕಿ ಪ್ರತಿ ತಿಂಗಳು ಸರಿ ಬಂದದ, ಸರ್."

"ಗುಳಿಗಿ ಚೆಲ್ಲಿ ಬಂದ್ರೂ ಸರಿ ಬರ್ತದ."

ಇಂಥ ವರದಿ ಬಂದಾಗ ನಿಯಮ ಹೀಗೆ: ಮೂರು ತಿಂಗಳು ಪ್ರತಿ ಭೇಟಿಯಲ್ಲಿ ಬಿಡಿಸಿ ಬಿಡಿಸಿ ಮಾತಾಡಬೇಕು, ಆಮೇಲೆ ಮತ್ತೆ ರಕ್ತ ತೆಗೆಯಬೇಕು. ಆಗಲೂ ಇಳಿಯದಿದ್ದರೆ ಕಾಗದ ಹಿರಿಯ ವೈದ್ಯರ ಸಮಿತಿಗೆ ಹೋಗುತ್ತದೆ. ಈ ಔಷಧಿ ಸೋತಿತು ಎಂದು ಬೇರೆ ಔಷಧಿ ಶುರುವಾಗುತ್ತದೆ, ಅದರ ಆರು ತಿಂಗಳು ಮತ್ತೆ ಮೊದಲಿನಿಂದ. ಆಕೆಗೆ ಇದು ಬೇರೆ ಥರ ಕೇಳಿಸಿತು. ಬೆರಳು ಮಡಚಿ ಲೆಕ್ಕ ಹಾಕಿ, "ಹಂಗಾರ ಇನ್ನೊಂದು ವರ್ಷ ಹೋತ್ರಿ" ಎಂದಳು.

ಆ ಮೂರು ತಿಂಗಳ ಮೊದಲ ಭೇಟಿಯಲ್ಲಿ ಅಚ್ಚಾದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಮರೆಯುತ್ತೀರಾ, ವಾಂತಿಯಾಗುತ್ತದಾ, ಊರಿಗೆ ಹೋದಾಗ ಡಬ್ಬಿ ಬಿಟ್ಟು ಹೋಗುತ್ತೀರಾ. ಎಲ್ಲಕ್ಕೂ ಇಲ್ಲ. ಎರಡನೆಯ ಭೇಟಿಗೆ ಗಂಡನನ್ನೂ ಕರೆಸಿದೆ.

"ನಾ ಆರಕ್ಕ ಗಿರಣಿ ತಗ್ಯಾಕ ಹೊಂಟ ಬಿಡ್ತೇನ್ರಿ," ಎಂದ ಆತ. "ಆಕಿ ತಗೊಳ್ಳೂದು ಕಣ್ಣಿಲೆ ನೋಡಿಲ್ಲ. ಖರೇ ಆಕಿ ತಪ್ಪಸಾಕಿ ಅಲ್ರಿ."

ಅವತ್ತು ನಾನು ಆಡಬಾರದ ಮಾತು ಆಡಿದೆ. "ನೋಡ್ರಿ, ಗುಳಿಗಿ ಚೆಲ್ಲಿದ್ರ ಚೆಲ್ಲೇನಿ ಅಂತ ಹೇಳಿಬಿಡ್ರಿ. ನಾ ಬಯ್ಯೂದಿಲ್ಲ."

ಆಕೆ ಮೇಜಿನ ಮೇಲಿದ್ದ ಡಬ್ಬಿಯ ಮುಚ್ಚಳ ತಿರುವಿ ಬಿಗಿ ಮಾಡಿದಳು.

"ಕೂಸು ಬೇಕಂತ ಬಂದಾಕಿ ಗುಳಗಿ ಚೆಲ್ಲತೇನೇನ್ರಿ, ಅಕ್ಕಾರ?"

ನನ್ನ ಮನೆ ಧಾರವಾಡದ ಕೆಲಗೇರಿಯಲ್ಲಿ. ಮರುದಿನ ಮುಂಜಾನೆ ನನ್ನ ತಾಯಿ ರಕ್ತದೊತ್ತಡದ ಗುಳಿಗೆ ತಗೊಳ್ಳುತ್ತಿದ್ದರು. ಮೊದಲು ಗೋಡೆಯ ಕ್ಯಾಲೆಂಡರಿನ ಮೇಲೆ ಅಂದಿನ ತಾರೀಖಿಗೆ ಪೆನ್ನಿನಿಂದ ಗೆರೆ ಎಳೆದರು. ಆಮೇಲೆ ಚಹಾದ ಕಪ್ಪಿನಲ್ಲಿ ಗುಳಿಗೆ ಅದ್ದಿ ತೆಗೆದು ಬಾಯಿಗೆ ಹಾಕಿಕೊಂಡರು. ಎಷ್ಟೋ ವರ್ಷಗಳಿಂದ ಹೀಗೆಯೇ. ಗುಳಿಗೆ ಹೇಗೆ ತಗೊಳ್ಳುತ್ತೀ ಎಂದು ಕೇಳಿದ್ದರೆ, ಚಹಾದಲ್ಲಿ ಅದ್ದುತ್ತೇನೆ ಎಂದು ಅವರು ಯಾವತ್ತೂ ಹೇಳುತ್ತಿರಲಿಲ್ಲ. ನನಗದು ಗೊತ್ತಿದ್ದದ್ದು ನೋಡಿದ್ದರಿಂದ. ಗಿರಣಿಯ ಹೆಣ್ಣುಮಗಳನ್ನು ನಾನು ಎಂಟು ತಿಂಗಳಿಂದ ಕೇಳುತ್ತಲೇ ಇದ್ದೆ.

ಮೂರನೆಯ ಭೇಟಿಯಲ್ಲಿ ಪ್ರಶ್ನೆಯ ಹಾಳೆ ಮಗುಚಿಟ್ಟೆ. ಒಂದು ಲೋಟ ನೀರು ತಂದಿಟ್ಟೆ.

"ಮನ್ಯಾಗ ಹೆಂಗ ತಗೋತೀರಿ, ಹಂಗ ಮಾಡಿ ತೋರಸ್ರಿ. ಎದ್ದಾಗಿಂದ."

"ಇಲ್ಲೇನ್ರಿ? ನಾಟಕ ಆಡಿದಂಗ ಆಗತೈತಲ್ರಿ."

"ಆಗ್ಲಿ. ನೋಡಾಕಿ ನಾ ಒಬ್ಬಾಕಿನ ಅದೇನಿ."

ಆಕೆ ನಗುತ್ತಲೇ ಎದ್ದಳು. ಸೆರಗು ಸರಿ ಮಾಡಿಕೊಂಡು, ಬಾಯಿ ಮುಕ್ಕಳಿಸಿದಂತೆ ಮಾಡಿ, ಕಿಟಕಿಯ ಕಡೆ ಮುಖ ಮಾಡಿ ನೆಲದ ಮೇಲೆ ಕುಳಿತಳು. ಡಬ್ಬಿಯಿಂದ ಒಂದು ಗುಳಿಗೆ ತೆಗೆದು ಎಡಗೈಯಲ್ಲಿ ಹಿಡಿದಳು. ಆಮೇಲೆ ಬಲಗೈಯನ್ನು ಮುಂದೆ ಚಾಚಿ, ಅಂಗೈಯನ್ನು ಬೋಗುಣಿಯಂತೆ ಮಾಡಿ ಸುಮ್ಮನೆ ಕುಳಿತಳು.

ಯಾರಾದರೂ ಅದರಲ್ಲಿ ಏನನ್ನೋ ಹಾಕಲಿ ಎಂಬಂತೆ.

"ಇದೇನ್ರಿ, ಕೈ ಯಾಕ ಚಾಚೀರಿ?"

"ಅತ್ತಿ ಭಸ್ಮ ಹಾಕ್ತಾರ್ರಿ."

ಕೇಳಿದ್ದಕ್ಕೆಲ್ಲ ಹೇಳಿದಳು, ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಆಕೆಗೆ ಅನ್ನಿಸಿಯೇ ಇರಲಿಲ್ಲ. ಗುಳಿಗೆ ಮಕ್ಕಳಾಗಲು ಕೊಟ್ಟದ್ದು ಎಂದು ಅತ್ತೆಗೆ ಹೇಳಿದ್ದಳು, ನಾನು ಹೇಳಿಕೊಟ್ಟ ಹಾಗೆ. ಅತ್ತೆಗೆ ಖುಷಿಯಾಗಿತ್ತು. ದೂರದ ಊರಿನ ಒಬ್ಬ ನಾಟಿ ವೈದ್ಯನ ಹತ್ತಿರ ಹೋಗಿ, ಮಕ್ಕಳಾಗದವರಿಗೆ ಕೊಡುವ ಭಸ್ಮ ತಂದಿದ್ದರು. ಬರಿಹೊಟ್ಟೆಯಲ್ಲಿ, ಸೂರ್ಯನಿಗೆ ಮುಖ ಮಾಡಿ, ಜೇನುತುಪ್ಪದಲ್ಲಿ ಕಲಸಿ, ಮನೆಯ ಹಿರಿಯರು ತಮ್ಮ ಕೈಯಿಂದಲೇ ಕೊಡಬೇಕು. ಎರಡೂ ಮಕ್ಕಳ ಔಷಧಿ ಅಂದ ಮೇಲೆ ಎರಡನ್ನೂ ಕೂಡಿಯೇ ತಗೋ ಎಂದಿದ್ದರು ಅತ್ತೆ. ಗುಳಿಗೆ ಬಾಯಿಗೆ, ಅದರ ಹಿಂದೆಯೇ ಭಸ್ಮ, ಆಮೇಲೆ ಒಂದು ತಾಸು ಏನೂ ತಿನ್ನುವಂತಿಲ್ಲ. ಎಂಟು ತಿಂಗಳು, ಒಂದು ದಿನ ತಪ್ಪಿಲ್ಲ.

"ಮತ್ತ ಇದನ್ನ ನನಗ್ಯಾಕ ಹೇಳಲಿಲ್ರಿ?"

"ನೀವು ಗುಳಗಿ ಕೇಳಿದ್ರಿ. ಇದು ಪುಡಿ ಅಲ್ರಿ?"

ಡಾಕ್ಟರಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಇಂಥ ಭಸ್ಮಗಳಲ್ಲಿ ಲೋಹ, ಸುಣ್ಣದ ಅಂಶ ಇರುತ್ತದೆ. ಬರಿಹೊಟ್ಟೆಯಲ್ಲಿ ಅದು ನಮ್ಮ ಗುಳಿಗೆಯನ್ನು ಹಿಡಿದುಕೊಂಡರೆ ಔಷಧಿ ರಕ್ತಕ್ಕೆ ಸೇರದೆ ಹಾಗೆಯೇ ಹೊರಗೆ ಹೋಗುತ್ತದೆ. ಭಸ್ಮದಲ್ಲಿ ಏನಿತ್ತು ಎಂದು ನಾವು ಪರೀಕ್ಷೆ ಮಾಡಿಸಲಿಲ್ಲ. ಅದೇ ಕಾರಣ ಎಂದು ಇವತ್ತಿಗೂ ನಾನು ಆಣೆ ಮಾಡಿ ಹೇಳಲಾರೆ. ಡಾಕ್ಟರೂ ಹೇಳಲಿಲ್ಲ. ಆದರೆ ಸಮಿತಿಗೆ ಕಳಿಸಬೇಕಾದೀತೆಂದು ಮೊದಲೇ ತಯಾರು ಮಾಡಿದ್ದ ಕಾಗದವನ್ನು ಬದಿಗಿಟ್ಟು, ಭಸ್ಮ ನಿಲ್ಲಿಸಿ ಮೂರು ತಿಂಗಳು ಇದೇ ಗುಳಿಗೆ ಮುಂದುವರಿಸಿ ನೋಡುವುದು ಎಂದು ಬರೆದು, ತಮ್ಮ ಸಹಿ ಹಾಕಿದರು.

ಉಳಿದದ್ದು ಭಸ್ಮ ನಿಲ್ಲಿಸುವುದು. ಕೊಡುವ ಕೈ ಅತ್ತೆಯದು.

ಗಂಡ ಹೆಂಡತಿ ಇಬ್ಬರನ್ನೂ ಕೂಡ್ರಿಸಿಕೊಂಡೆ. ನನ್ನ ಬಾಯಿಂದ ಮೊದಲು ಬಂದದ್ದು ಇನ್ನೊಂದು ಉಪಾಯವೇ. "ಹಿಂಗ ಮಾಡ್ರಿ. ಡಾಕ್ಟರು ಹೊಸಾ ಔಷಧ ಕೊಟ್ಟಾರ, ಅದರ ಜೋಡಿ ಭಸ್ಮ ನಡಿಯೂದಿಲ್ಲ ಅಂತ..."

"ಬ್ಯಾಡ್ರಿ, ಅಕ್ಕಾರ," ಎಂದಳು ಆಕೆ. "ಒಂದು ಸುಳ್ಳು ಹೇಳಿ ಎಂಟ ತಿಂಗಳ ಕಳಕೊಂಡೇನಿ. ನಾಳೆ ಬಸರಾದ್ರ ಅವರು ಮತ್ತೊಂದು ತರತಾರ. ಹಡದ ಮ್ಯಾಲ ಕೂಸಿನ ಬಾಯಾಗ ಏನ ಇಡತಾರೋ. ಪ್ರತಿ ಸಲ ಒಂದು ಸುಳ್ಳು ಎಲ್ಲಿಂದ ತರ್ಲಿ?"

ಹೇಳುವುದು ಆಕೆಯ ಹಕ್ಕು, ಹೇಳದೆ ಇರುವುದೂ ಆಕೆಯ ಹಕ್ಕು. ಒಂದು ವಾರ ವಿಚಾರ ಮಾಡಿ ಬರಲು ಹೇಳಿದೆ. ಮನೆಯಿಂದ ಹೊರಗೆ ಹಾಕಿದರೆ ಏನು ಮಾಡುತ್ತೀರಿ ಎಂದೂ ಕೇಳಿದೆ. ಅದನ್ನು ಕೇಳಲೇಬೇಕು.

"ಗಿರಣಿ ಹಿಂದ ಒಂದು ಖೋಲಿ ಐತ್ರಿ," ಎಂದ ಗಂಡ.

"ಅಲ್ಲಿ ಉಸರಾಡಿದ್ರ ಹಿಟ್ಟ," ಎಂದಳು ಆಕೆ.

"ರೊಟ್ಟಿ ಮಾಡಾಕ ಹಿಟ್ಟ ತರೂ ಕೆಲಸ ಉಳೀತಲ್ಲ."

ವಾರ ಬಿಟ್ಟು ಅತ್ತೆಯನ್ನು ಕರೆದುಕೊಂಡು ಬಂದರು. ಅರವತ್ತು ದಾಟಿದ, ಹಣೆಗೆ ವಿಭೂತಿ ಹಚ್ಚಿದ, ಗಟ್ಟಿ ಹೆಂಗಸು. ಡಾಕ್ಟರಿಗೆ ತೋರಿಸಬೇಕೆಂದು ಭಸ್ಮದ ಗಂಟನ್ನು ತಾವೇ ತಂದಿದ್ದರು. ನಾನು ಬಾಗಿಲಿಗೆ ರಟ್ಟು ಸಿಗಿಸುವುದನ್ನು ನೋಡಿ, "ದೊಡ್ಡ ದವಾಖಾನಿ, ಬಾಗಲಾ ಮಾತ್ರ ಹಿಂಗ. ನನ್ನ ಮಗಗ ಹೇಳ್ರಿ ಬಾಯಾರ, ಒಂದು ಚಿಲಕಾ ಬಡದ ಕೊಡತಾನ," ಎಂದರು.

ಯಾರೂ ನಗಲಿಲ್ಲ. ಸೊಸೆ ಅತ್ತೆಯ ಕಡೆ ತಿರುಗಿ ಕುಳಿತಳು.

"ಅತ್ತೀ, ನಾ ತಗೊಳ್ಳೂ ಗುಳಗಿ ಮಕ್ಕಳದಲ್ರಿ. ನನಗ ಎಚ್‌ಐವಿ ಐತಿ. ಮೊದಲಿನ ಮನಿಯಿಂದ ಬಂದದ್ದು."

ಅವರು ಸೊಸೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನನ್ನ ಮಗಗ?"

ಅದಕ್ಕೆ ಉತ್ತರ ಹೇಳುವುದು ನನ್ನ ಕೆಲಸವಲ್ಲ. ಮಗನೇ ಹೇಳಿದ. "ನನಗಿಲ್ಲವ್ವಾ. ಆರ ತಿಂಗಳಿಗೊಮ್ಮೆ ಪರೀಕ್ಷಾ ಮಾಡಸ್ತೇನಿ."

"ಮದಿವಿಗೆ ಮೊದಲ ಗೊತ್ತಿತ್ತೇನು ನಿನಗ?"

"ಗೊತ್ತಿದ್ದ ಮಾಡ್ಕೊಂಡೇನಿ."

ಅತ್ತೆ ಭಸ್ಮದ ಗಂಟನ್ನು ಮೇಜಿನ ಮೇಲಿಟ್ಟರು. ಅದನ್ನೇ ತೋರಿಸಿ, "ಇದರಿಂದ ಕೆಟ್ಟಾತೇನ್ರಿ?" ಎಂದು ಕೇಳಿದರು.

"ಆಗಿರಬಹುದ್ರಿ, ಅಮ್ಮಾರ. ಖಾತ್ರಿ ಹೇಳಲಿಕ್ಕೆ ಬರೂದಿಲ್ಲ. ಗುಳಿಗಿ ಮಕ್ಕಳದ್ದು ಅನ್ರಿ ಅಂತ ಹೇಳಿಕೊಟ್ಟಾಕಿ ನಾನು. ತಪ್ಪು ನಂದದ."

"ನೀವು ಹೇಳಿಕೊಟ್ರಿ, ಆಕಿ ಹೇಳಿದ್ಲು, ನಾ ನಂಬಿದೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು, ರಟ್ಟನ್ನು ತಾವೇ ಕಿತ್ತು ನನ್ನ ಕೈಗೆ ಕೊಟ್ಟು, ಹೊರಗೆ ನಡೆದರು. ಮಗ ಹಿಂದೆ ಓಡಿದ. ಅವರು ಒಬ್ಬರೇ ಬಸ್ಸು ಹತ್ತಿ ಹೋದರೆಂದು ಆಮೇಲೆ ತಿಳಿಯಿತು. ಗಂಟು ನನ್ನ ಮೇಜಿನ ಮೇಲೆ ಉಳಿಯಿತು. ಅದನ್ನು ಖಾನೆಯಲ್ಲಿಟ್ಟೆ.

ಅವರ ಒಪ್ಪಿಗೆ ಇಲ್ಲದೆ ನಾವು ಯಾರ ಮನೆಗೂ ಫೋನು ಮಾಡುವುದಿಲ್ಲ. ನಾನು ಮಾಡಲಿಲ್ಲ. ಆ ತಿಂಗಳೆಲ್ಲ ಖಾನೆ ತೆಗೆದಾಗೊಮ್ಮೆ ಗಂಟು ಕಾಣುತ್ತಿತ್ತು, ಹಳೆಯ ಬೀಗ ನೆನಪಾಗುತ್ತಿತ್ತು.

ಗುಳಿಗೆಯ ದಿನ ಆಕೆ ಬಂದಳು.

"ಅತ್ತಿ ಮಾತಾಡ್ಯಾರೇನ್ರಿ?" ಎಂದೆ.

"ಹದಿನೈದ ದಿನ ಮಾತಿಲ್ರಿ. ನನ್ನ ತಾಟು ಬ್ಯಾರೆ, ಲೋಟ ಬ್ಯಾರೆ. ಇವರು ಗಿರಣಿ ಹಿಂದಿನ ಖೋಲಿ ಕಸಾ ಹೊಡೆದು ತಯಾರ ಇಟ್ಟಿದ್ರು. ಒಂದಿನ ಮುಂಜಾನಿ ಅತ್ತಿ ಬಿಸಿ ರೊಟ್ಟಿ ಮಾಡಿ, ಬದನಿಕಾಯಿ ಪಲ್ಲೆ ಹಾಕಿ, ತಮ್ಮ ತಾಟಿನ್ಯಾಗ ಇಟ್ಟು ನನ್ನ ಮುಂದ ಸರಿಸಿದ್ರು. 'ತಿಂದು ಗುಳಗಿ ತಗೋ' ಅಂದ್ರು. ಅಷ್ಟ."

"ನೀವೇನಂದ್ರಿ?"

"ತಿಂದೆ."

ಮೂರು ತಿಂಗಳ ಮೇಲೆ ರಕ್ತ ತೆಗೆದರು. ವರದಿ ಬಂದ ದಿನ ನಾನೊಬ್ಬಳೇ ಎರಡು ಸಲ ಓದಿ, ನೋಂದಣಿ ಸಂಖ್ಯೆ ತಾಳೆ ನೋಡಿ, ಆಮೇಲೆ ಆಕೆಯನ್ನು ಕರೆದೆ. ವೈರಸ್ ಪರೀಕ್ಷೆಗೆ ಸಿಕ್ಕಿರಲಿಲ್ಲ. ಡಾಕ್ಟರು ಇನ್ನೊಂದು ಪರೀಕ್ಷೆ ಮಾಡಿಸಿ, ಅದೂ ಹಾಗೆಯೇ ಬಂದ ಮೇಲೆ ಇಬ್ಬರಿಗೂ ಇನ್ನು ಅಡ್ಡಿಯಿಲ್ಲ ಎಂದರು. ತಿಂಗಳ ಯಾವ ದಿನಗಳಲ್ಲಿ ಕೂಡಬೇಕು ಎಂದು ನಾನು ಕ್ಯಾಲೆಂಡರಿನಲ್ಲಿ ತೋರಿಸುವಾಗ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ.

ಅದಾದ ಏಳನೆಯ ತಿಂಗಳಿಗೆ ಆಕೆ ಬಸಿರಾದಳು. ಬಸುರಿಯರಿಗೆಲ್ಲ ಕಬ್ಬಿಣ, ಸುಣ್ಣದ ಗುಳಿಗೆ ಕೊಡಲೇಬೇಕು. ಅದೇ ಹಳೆಯ ಅಪಾಯ. ನಾನು ಹೊತ್ತುಗಳನ್ನು ಬಿಡಿಸಿ ಹೇಳಲು ಹೊರಟರೆ ಆಕೆ, "ಅತ್ತಿ ಆಗಲೇ ಕೇಳ್ಕೊಂಡು ಹೋಗ್ಯಾರ್ರಿ. ಮುಂಜಾನಿ ರೊಟ್ಟಿಗೆ ಇದು, ಸಂಜಿಗೆ ಅವು. ಎರಡೂ ಬ್ಯಾರೆ ಬ್ಯಾರೆ ಗ್ವಾಡಿ ಮಾಡದಾಗ ಇಟ್ಟಾರ," ಎಂದಳು. ಯಾರನ್ನು ಕೇಳಿಕೊಂಡರು ಎಂದು ವಿಚಾರಿಸಿದೆ. ಡಾಕ್ಟರನ್ನಂತೆ. ನನ್ನ ಕೋಣೆಯನ್ನು ದಾಟಿಯೇ ಹೋಗಿದ್ದರು. ಒಳಗೆ ಬಂದಿರಲಿಲ್ಲ.

ಹೆರಿಗೆ ಹುಬ್ಬಳ್ಳಿಯಲ್ಲೇ ಆಯಿತು. ಹೆಣ್ಣು ಕೂಸು. ಹುಟ್ಟಿದ ಕೆಲವೇ ಹೊತ್ತಿನಲ್ಲಿ ಕೂಸಿಗೆ ಔಷಧಿಯ ಮೊದಲ ಹನಿ ಬಿತ್ತು. ಮುಂದೆ ಆರು ವಾರ ದಿನಾ ಕೊಡಬೇಕು, ಸೂಜಿ ಇಲ್ಲದ ಸಣ್ಣ ಸಿರಿಂಜಿನಲ್ಲಿ ಗೆರೆ ನೋಡಿ ಅಳೆದು. ಅದನ್ನು ಕಲಿಸಲು ವಾರ್ಡಿಗೆ ಹೋದಾಗ ಅತ್ತೆ ಮಂಚದ ಪಕ್ಕದಲ್ಲಿದ್ದರು. ಸೊಸೆಗೆ ಸಿರಿಂಜು ಕೊಡಲು ಹೋದರೆ ನಡುವೆ ಕೈಯೊಡ್ಡಿದರು.

"ನನಗ ಕಲಸ್ರಿ. ಔಷಧ ಕೊಟ್ಟು ರೂಢಿ ಇದ್ದ ಕೈ ಐತಿ ಇದು."

ಅಂದು ರಟ್ಟು ಕೊಟ್ಟು ಹೋದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಇದು. ಇಬ್ಬರಿಗೂ ಕಲಿಸಿದೆ. ಮೂರು ಸಲ ನೀರು ತುಂಬಿಸಿ, ಗುಳ್ಳೆ ತೆಗೆದು, ಗೆರೆಗೆ ಸರಿಯಾಗಿ ನಿಲ್ಲಿಸಿ ತೋರಿಸಿದರು. ಆಮೇಲೆ ನಾನು ಎಂದೂ ಕೇಳದಿದ್ದ ಪ್ರಶ್ನೆಯನ್ನು ಅವರು ಕೇಳಿದರು.

"ಇದರ ಜೋಡಿ ಮತ್ತೇನರ ಕೊಡಬಹುದೇನ್ರಿ?"

"ಏನೂ ಬ್ಯಾಡ್ರಿ. ಆರು ತಿಂಗಳು ತಾಯಿ ಹಾಲು ಒಂದ. ನೀರು ಸೈತ ಬ್ಯಾಡ."

"ಜೇನ? ಜೇನ ನೆಕ್ಕಸದ ನಮ್ಮ ಮನ್ಯಾಗ ಒಂದೂ ಕೂಸು ಬೆಳದಿಲ್ಲ."

"ವರ್ಷ ತುಂಬೂತನ ಜೇನು ಬ್ಯಾಡ್ರಿ, ಅಮ್ಮಾರ."

ಅವರು ಕೂಸಿನ ಬಾಯಿಯನ್ನು ಸೆರಗಿನ ತುದಿಯಿಂದ ಒರೆಸಿದರು. "ನಿಮ್ಮ ಕಡೀ ಪರೀಕ್ಷಾ ಯಾವಾಗ?"

"ಹದಿನೆಂಟು ತಿಂಗಳಿಗೆ."

"ಹಂಗಾರ ಅಲ್ಲೀತನ ಬ್ಯಾಡ ಬಿಡ್ರಿ."

ಆರು ವಾರಕ್ಕೆ ಕೂಸಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಕಾಗದದ ಮೇಲೆ ಒಣಗಿಸಿ ಕಳಿಸಿದೆವು. ವೈರಸ್ ಇಲ್ಲ ಎಂದು ಬಂತು. ಆರು ತಿಂಗಳಿಗೂ ಇಲ್ಲ, ವರ್ಷ ತುಂಬಿದಾಗಲೂ ಇಲ್ಲ. ಪ್ರತಿ ಸಲ ವರದಿ ಬರುವ ತನಕದ ದಿನಗಳಲ್ಲಿ ನಾನು ಬೇರೆಯವರ ಗುಳಿಗೆ ಎಣಿಸುವಾಗ ಲೆಕ್ಕ ತಪ್ಪುತ್ತಿದ್ದೆ.

ಕೊನೆಯ ಪರೀಕ್ಷೆಗೆ ನಾಲ್ವರೂ ಬಂದರು. ಕೂಸು ನಡೆಯುತ್ತಿತ್ತು. ನನ್ನ ಮೇಜಿನ ಕೆಳಗೆ ಹೊಕ್ಕು ಕಸದ ಬುಟ್ಟಿ ಉರುಳಿಸಿತು. ಅದರ ರಕ್ತ ತೆಗೆದುಕೊಂಡು ಹೋದವರು ಮುಕ್ಕಾಲು ತಾಸಿಗೆ ಕಾಗದ ತಂದುಕೊಟ್ಟರು. ಓದಿದೆ. ಸಂಖ್ಯೆ ತಾಳೆ ನೋಡಿದೆ.

"ಇಲ್ಲ," ಎಂದೆ. "ಕೂಸಿಗೆ ಇಲ್ಲ. ಇದು ಕಡೀದು."

ಗಂಡ ಎದ್ದು ಬಾಗಿಲ ಕಡೆ ಹೋಗಿ, ರಟ್ಟನ್ನು ಒತ್ತಿ ನೋಡಿ, ಮತ್ತೆ ಬಂದು ಕುಳಿತ. ಹೆಂಡತಿ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡಳು. ಅತ್ತೆ ತಮ್ಮ ಚೀಲದಲ್ಲಿ ಕೈ ಹಾಕಿ, ಬಟ್ಟೆ ಸುತ್ತಿದ ಒಂದು ಸಣ್ಣ ಬಾಟಲಿ ತೆಗೆದರು. ಜೇನುತುಪ್ಪ.

"ಬಾಯಾರ, ಇನ್ನ ನೆಕ್ಕಸ್ಲೇನ್ರಿ?"

"ನನ್ನ ಕೇಳೂದು ಇನ್ನ ಏನೂ ಉಳದಿಲ್ರಿ, ಅಮ್ಮಾರ."

ಅವರು ಸೊಸೆಯ ಕಡೆ ತಿರುಗಿದರು. "ಏನವಾ, ನೆಕ್ಕಸ್ಲೇನು?"

ಸೊಸೆ ಕಾಗದವನ್ನು ಗಂಡನ ಕೈಗೆ ಕೊಟ್ಟಳು. ಬಲಗೈಯನ್ನು ಮುಂದೆ ಚಾಚಿ, ಅಂಗೈಯನ್ನು ಬೋಗುಣಿಯಂತೆ ಮಾಡಿದಳು. ಅತ್ತೆ ಅದರಲ್ಲಿ ಒಂದು ಹನಿ ಬಿಟ್ಟರು. ಕೂಸು ಮೇಜಿನ ಕೆಳಗಿನಿಂದ ಬಂದು ತಾಯಿಯ ಅಂಗೈಯನ್ನು ಮೂಸಿ ನೋಡಿ, ನಾಲಿಗೆ ಇಟ್ಟು, ಮುಖ ಕಿವುಚಿತು. ಆಮೇಲೆ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದು ತನ್ನ ಕಡೆ ಎಳೆದುಕೊಂಡಿತು.